ಕಮ್ಮಿ ಆಡೋರು ಆರಿಸ್ಲಿ, ಜಾಸ್ತಿ ಆಡೋರು ಬಾಯ್ಮುಚ್ಕೊಂಡು ಆಡ್ಲಿ

ನಮಸ್ಕಾರ, ಎಲ್ರೂ ಆರಾಮಾ? ಇವತ್ತು ಸಿಲ್ಕ್‌ಸಾಂಗ್ ಅನ್ನೋ ಗೇಮ್ ಬಗ್ಗೆ ಮಾತಾಡ್ಬೇಕು ಅಂತ ನೋಟ್ಸ್ ಎಲ್ಲಾ ಬರ್ಕೊಂಡು ಕೂತಿದ್ದೆ. ಪಕ್ಕಕ್ಕಿಟ್ಟೆ. ಯಾಕಂದ್ರೆ ಹೋದ ವಿಡಿಯೋ ಕೆಳಗೆ ಒಬ್ರು ಪಾಪ ಮರ್ಯಾದೆಯಾಗಿ ಒಂದು ಪ್ರಶ್ನೆ ಕೇಳಿದ್ರು. "ನನ್ನ ಹೆಂಡತಿ ಇಲ್ಲೀತನಕ ಕಂಟ್ರೋಲರ್ ಮುಟ್ಟಿಲ್ಲ, ಇಬ್ರೂ ಸೇರಿ ಏನಾದ್ರೂ ಆಡೋಣ ಅಂತಿದೀವಿ, ಏನು ಆಡೋದು?" ಅಂತ. ಅದಕ್ಕೊಬ್ಬ ಮಹಾನುಭಾವ ಉತ್ತರ ಕೊಟ್ಟಿದಾನೆ. "ಬ್ರೋ, ಡೈರೆಕ್ಟ್ ಎಲ್ಡನ್ ರಿಂಗ್ ಹಾಕ್ಕೊಡಿ. ಸತ್ತು ಸತ್ತು ಕಲೀಲಿ. ನಾವೆಲ್ಲಾ ಹಂಗೇ ಕಲಿತಿದ್ದು."

ಸತ್ತು ಸತ್ತು ಕಲೀಲಿ! ಎಲ್ಡನ್ ರಿಂಗ್ ಅಂದ್ರೆ ಕಷ್ಟಕ್ಕೇ ಹೆಸರಾದ ಗೇಮ್. ಹೆಂಡತಿ ಸ್ವಾಮಿ ಅವ್ರು, ಕಮಾಂಡೋ ಟ್ರೈನಿಂಗ್‌ಗೆ ಬಂದಿರೋರಲ್ಲ. ಅದಕ್ಕೆ ಲೈಕ್ ಬೇರೆ ಬಿದ್ದಿದಾವೆ.

ಮೊದ್ಲು ಸಣ್ಣ ವಿಷಯ ಮುಗಿಸ್ತೀನಿ. ಎಲ್ಡನ್ ರಿಂಗ್‌ನಲ್ಲಿ ಸ್ಪ್ಲಿಟ್ ಸ್ಕ್ರೀನೇ ಇಲ್ಲ. ಒಂದೇ ಸೋಫಾ, ಒಂದೇ ಟಿವಿ ಮುಂದೆ ಇಬ್ರು ಕೂತು ಆಡೋಕೆ ಆಗೋದೇ ಇಲ್ಲ. ಎರಡು ಕನ್ಸೋಲ್, ಎರಡು ಟಿವಿ, ಎರಡು ಕಾಪಿ ಬೇಕು. ಅಷ್ಟೆಲ್ಲಾ ಮಾಡಿ ಅವ್ರನ್ನ ನಿಮ್ಮ ಆಟದೊಳಗೆ ಕರೆಸ್ಕೊಂಡ್ರೂ ಆ ಜಾಗದ ಬಾಸ್, ಅಂದ್ರೆ ದೊಡ್ಡ ಶತ್ರು, ಸತ್ತ ತಕ್ಷಣ ಬಂದೋರು ವಾಪಸ್ ಅವ್ರ ಲೋಕಕ್ಕೆ. ಹೊಸಬ್ರು ಗುಹೆಯಿಂದ ಹೊರಗೆ ಬಂದು, ಆಹಾ ಎಷ್ಟು ಚೆನ್ನಾಗಿದೆ ಅಂತ ನೋಡ್ತಾ ನಾಲ್ಕು ಹೆಜ್ಜೆ ಇಡೋ ಅಷ್ಟರಲ್ಲಿ ಬಂಗಾರದ ಕವಚ ಹಾಕ್ಕೊಂಡು ಕುದುರೆ ಮೇಲೆ ಟ್ರೀ ಸೆಂಟಿನೆಲ್ ನಿಂತಿರ್ತಾನೆ. ಒಂದೇ ಏಟು. ಸರಿಯಾದ ಪಾಸ್ ಬಟನ್ ಕೂಡ ಇಲ್ಲ ಆ ಗೇಮಲ್ಲಿ. ಕುಕ್ಕರ್ ಕೂಗ್ತಿದ್ರೂ ಡ್ರ್ಯಾಗನ್ ಕಾಯಲ್ಲ. ಸಲಹೆ ಕೊಟ್ಟೋನು ಗೇಮ್ ಆಡಿದಾನೋ ಇಲ್ಲ ಬರೀ ರೀಲ್ಸ್ ನೋಡಿದಾನೋ ಅನ್ನೋದೇ ನನಗೆ ಡೌಟು.

ನನ್ನ ಜಗಳ ಅದರ ಬಗ್ಗೆ ಅಲ್ಲ. ನನ್ನ ಪಾಯಿಂಟ್ ಇಷ್ಟು, ಕಿವಿಗೆ ಹಾಕ್ಕೊಳ್ಳಿ. ಮುಂದೆ ಯಾವ ಗೇಮ್ ಅನ್ನೋದನ್ನ ಮನೇಲಿ ಕಮ್ಮಿ ಆಡೋರು ಆರಿಸ್ಬೇಕು. ಜಾಸ್ತಿ ಆಡೋರಲ್ಲ. ದುಡ್ಡು ಕೊಟ್ಟೋರಲ್ಲ. ಯೂಟ್ಯೂಬ್ ಚಾನೆಲ್ ಇರೋರಂತೂ ಅಲ್ವೇ ಅಲ್ಲ.

ಯಾಕೆ ಅಂದ್ರೆ, ಜಾಸ್ತಿ ಆಡೋನಿಗೆ ಯಾವ ಗೇಮ್ ಕೊಟ್ರೂ ನಡೆಯುತ್ತೆ. ಅವನ ಬೆರಳಿಗೆ ಎಲ್ಲಾ ಗೊತ್ತು. ಕಮ್ಮಿ ಆಡೋರಿಗೆ ತಪ್ಪು ಗೇಮ್ ಒಂದು ಸಿಕ್ರೆ ಸಾಕು, ಕಂಟ್ರೋಲರ್ ಟೀಪಾಯ್ ಮೇಲೆ ಹೋಯ್ತು, ಮತ್ತೆ ಕೈಗೆ ಬರಲ್ಲ.

ಕಂಟ್ರೋಲರ್ ಮೇಲಿರೋ ಎರಡು ಸ್ಟಿಕ್ ಕಥೆ ಹೇಳ್ತೀನಿ ಕೇಳಿ, ಇದನ್ನ ಯಾವ ಟಾಪ್ ಟೆನ್ ವಿಡಿಯೋದೋರೂ ಹೇಳಲ್ಲ. ಎಡಗಡೆ ಸ್ಟಿಕ್‌ನಲ್ಲಿ ನಡೆಯೋದು, ಬಲಗಡೆ ಸ್ಟಿಕ್‌ನಲ್ಲಿ ಕ್ಯಾಮೆರಾ ತಿರುಗಿಸೋದು. ನಮಗೆ ಇದು ಉಸಿರಾಟ. ಹೊಸಬ್ರನ್ನ ನೋಡಿದೀರಾ? ನಡೀತಾ ನಡೀತಾ ಆಕಾಶ ನೋಡ್ತಿರ್ತಾರೆ. ಆಮೇಲೆ ನೆಲ ನೋಡ್ತಿರ್ತಾರೆ. ಆಮೇಲೆ ಗೋಡೆಗೆ ಮುಖ ಕೊಟ್ಟು ನಿಂತಿರ್ತಾರೆ. ಅದು ದಡ್ಡತನ ಅಲ್ಲ ರೀ, ಎರಡು ಹೆಬ್ಬೆರಳು ಬೇರೆ ಬೇರೆ ಕೆಲಸ ಮಾಡೋದು ವರ್ಷಗಟ್ಟಲೆ ರೂಢಿಯಿಂದ ಬಂದಿರೋದು. ಪಕ್ಕದಲ್ಲಿ ನಾವು "ಇಲ್ನೋಡು, ಇಲ್ಲಿ, ಇಲ್ಲಿ, ಅಯ್ಯೋ ಅಲ್ಲಲ್ಲ" ಅಂತಿರ್ತೀವಿ. ಯಾರಿಗೆ ಬೇಕು ಆ ಮರ್ಯಾದೆ?

ಈಗ ಎಲ್ರೂ ಟೈಪ್ ಮಾಡ್ತಿರ್ತೀರ, ಇಟ್ ಟೇಕ್ಸ್ ಟೂ, ಇಟ್ ಟೇಕ್ಸ್ ಟೂ ಅಂತ. ಗೊತ್ತು ಕಣ್ರೀ. ಹೇಝ್‌ಲೈಟ್ ಸ್ಟುಡಿಯೋದವ್ರದ್ದು, ಜೋಸೆಫ್ ಫಾರೆಸ್ ನಿರ್ದೇಶನ, 2021ರಲ್ಲಿ ದಿ ಗೇಮ್ ಅವಾರ್ಡ್ಸ್‌ನಲ್ಲಿ ಗೇಮ್ ಆಫ್ ದಿ ಇಯರ್ ಹೊಡ್ಕೊಂಡು ಹೋಗಿದ್ದು. ಒಬ್ರೇ ಆಡೋಕೆ ಆಗೋದೇ ಇಲ್ಲ, ಅಷ್ಟು ಹಠ. ಒಬ್ರು ಕೊಂಡ್ರೆ ಇನ್ನೊಬ್ರು ಫ್ರೆಂಡ್ಸ್ ಪಾಸ್‌ನಲ್ಲಿ ಬಿಟ್ಟಿ ಆಡಬಹುದು, ದೂರದ ಊರಲ್ಲಿದ್ರೂ. ನನ್ನ ಅತ್ಯಂತ ಇಷ್ಟದ ಗೇಮ್‌ಗಳಲ್ಲಿ ಅದೂ ಒಂದು. ಡಿವೋರ್ಸ್ ಆಗೋಕೆ ಹೊರಟ ಗಂಡ ಹೆಂಡತಿ ಗೊಂಬೆಗಳಾಗಿ ಬಿಡೋ ಕಥೆ. ಆದ್ರೆ ಮೊದಲ ಗೇಮ್ ಆಗಿ ಕೊಡ್ಬೇಡಿ! ಮೊದಲ ಚಾಪ್ಟರ್‌ನಲ್ಲೇ ಎಗರು, ಗಾಳೀಲಿ ಇನ್ನೊಂದ್ಸಲ ಎಗರು, ಡ್ಯಾಶ್ ಹೊಡಿ, ಅದರ ಜೊತೆಗೆ ಕ್ಯಾಮೆರಾನೂ ತಿರುಗ್ಸು. ಎದುರುಗಡೆ ಒಂದು ಹಳೇ ವ್ಯಾಕ್ಯೂಮ್ ಕ್ಲೀನರ್ ಬಾಸ್. ಹೊಸಬ್ರಿಗೆ ಅಲ್ಲೇ ಸುಸ್ತು. ಆಟದ ಒಳಗೆ ಡಿವೋರ್ಸ್ ತಪ್ಪೋಕೆ ಮುಂಚೆ ಹೊರಗಡೆ ಶುರುವಾಗಿರುತ್ತೆ.

ಅದೇ ಅನ್‌ರಾವೆಲ್ ಟೂ ತಗೊಳ್ಳಿ. ಸ್ವೀಡನ್‌ನ ಕೋಲ್ಡ್‌ವುಡ್‌ನೋರು 2018ರಲ್ಲಿ ಮಾಡಿದ್ದು. ಉಣ್ಣೆ ದಾರದ ಎರಡು ಪುಟ್ಟ ಜೀವ. ಎಡದಿಂದ ಬಲಕ್ಕೆ ಹೋಗೋದು, ಕ್ಯಾಮೆರಾ ತನ್ನ ಪಾಡಿಗೆ ತಾನು ಬರುತ್ತೆ. ಒಂದು ಜಾಗ ಕಷ್ಟ ಆಯ್ತು ಅಂದ್ರೆ ಒಂದು ಜೀವ ಇನ್ನೊಂದರ ಬೆನ್ನಿಗೆ ಅಂಟ್ಕೊಂಡ್ಬಿಡುತ್ತೆ, ಚೆನ್ನಾಗಿ ಆಡೋರು ದಾಟಿಸ್ತಾರೆ, ಆಚೆ ಹೋಗಿ ಮತ್ತೆ ಇಬ್ರಾಗ್ತಾರೆ. ಮಾಡಿದೋರಿಗೆ ಗೊತ್ತಿತ್ತು, ಸೋಫಾ ಮೇಲೆ ಕೂತಿರೋ ಇಬ್ರು ಯಾವತ್ತೂ ಒಂದೇ ಲೆವೆಲ್ ಅಲ್ಲ ಅಂತ.

ಕಂಟ್ರೋಲರೇ ಬೇಡ ಅನ್ನೋರಿಗೆ ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್. ಒಬ್ರಿಗೆ ಮಾತ್ರ ಬಾಂಬ್ ಕಾಣುತ್ತೆ, ಇನ್ನೊಬ್ರ ಕೈಲಿ ಅದನ್ನ ನಿಲ್ಲಿಸೋ ಪುಸ್ತಕ. ಆ ಮ್ಯಾನ್ಯುಯಲ್ ಫ್ರೀ, ಪ್ರಿಂಟ್ ತೆಗೆಸ್ಕೊಳ್ಳಿ. "ಕೆಂಪು ವೈರ್ ಎಷ್ಟಿದೆ? ಕೊನೇದು ಯಾವ ಬಣ್ಣ? ಸೀರಿಯಲ್ ನಂಬರ್ ಓದು ಮೊದ್ಲು!" ಇದನ್ನ ಅಮ್ಮಂದಿರ ಕೈಗೆ ಕೊಡಿ. ಮನೆ ನಡೆಸಿದೋರಿಗೆ ಬಾಂಬ್ ಯಾವ ಲೆಕ್ಕ.

ಹಾಂ, ಮಧ್ಯದಲ್ಲಿ ಒಂದು ಮಾತು. ಈ ಎಪಿಸೋಡ್‌ಗೆ ಪ್ರಾಯೋಜಕರು ಯಾರೂ ಇಲ್ಲ. ಯಾಕಿಲ್ಲ ಅಂತ ನಾನೂ ಯೋಚಿಸ್ತಿದೀನಿ. ಮೆಂಬರ್‌ಶಿಪ್ ಬಟನ್ ಕೆಳಗಿದೆ, ಒಂದು ಬೈಟು ಕಾಫಿ ರೇಟು. ಕನ್ನಡದಲ್ಲಿ ಗೇಮಿಂಗ್ ಕಂಟೆಂಟ್ ಇಲ್ಲ ಅಂತ ಅಳ್ತೀರಲ್ಲ, ಇದ್ದಾಗ ಒಂದು ಸಬ್‌ಸ್ಕ್ರೈಬ್ ಒತ್ತೋಕೆ ಬೆರಳಿಗೆ ನೋವಾ?

ಸರಿ. ಎಲ್ಲಿದ್ದೆ? ಕಮ್ಮಿ ಆಡೋರು.

ಈ ರೋಗ ಇವತ್ತಿನದಲ್ಲ. ಕಾಂಟ್ರಾ ನೆನಪಿದೆಯಾ? ಹಳದಿ ಕ್ಯಾಸೆಟ್, ಊದಿ ಹಾಕ್ತಿದ್ವಲ್ಲ. ಅದರಲ್ಲಿ ಜಲಪಾತ ಹತ್ತೋ ಲೆವೆಲ್. ಚೆನ್ನಾಗಿ ಆಡೋನು ಚಕಚಕ ಅಂತ ಮೇಲೆ ಹತ್ತಿದ್ರೆ ಸ್ಕ್ರೀನೂ ಅವನ ಜೊತೆ ಮೇಲಕ್ಕೆ, ಕೆಳಗಿದ್ದೋನು ಸುಮ್ ಸುಮ್ನೆ ಸಾಯ್ತಾನೆ. ಗುಂಡು ಬಿದ್ದಿಲ್ಲ, ಶತ್ರು ಮುಟ್ಟಿಲ್ಲ. ಜೊತೆಗಾರ ಅವಸರ ಮಾಡಿದ ಅಷ್ಟೇ. ಊರೂರಲ್ಲಿ ಅಣ್ಣಂದಿರು ತಮ್ಮಂದಿರನ್ನ ಹಿಂಗೇ ಕೊಂದಿರೋದು. ಆ ಅಣ್ಣಂದಿರೇ ಈಗ ದೊಡ್ಡವರಾಗಿ "ಡೈರೆಕ್ಟ್ ಎಲ್ಡನ್ ರಿಂಗ್ ಬ್ರೋ" ಅಂತ ಕಾಮೆಂಟ್ ಹಾಕ್ತಿರೋದು!

"ಒಂಟಿಯಾಗಿ ಆಡೋನಿಗೆ ಏನ್ ಹೇಳ್ತೀಯಪ್ಪ, ಅಲ್ಲಿ ಕಮ್ಮಿ ಆಡೋರು ಯಾರು" ಅಂತ ಕೇಳ್ತೀರ. ಅಲ್ಲೂ ಇಬ್ರು ಇರ್ತಾರೆ ಸ್ವಾಮಿ. ಒಬ್ಬ ಶನಿವಾರ ಮಧ್ಯಾಹ್ನ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯ ಸೇಲ್‌ನಲ್ಲಿ ಕೂತಿರೋನು. ಅವನಿಗೆ ಎಲ್ಲಾ ಬೇಕು, ಎಪ್ಪತ್ತೈದು ಪರ್ಸೆಂಟ್ ಆಫ್ ಅಂದ್ರೆ ಮುಗೀತು. ಇನ್ನೊಬ್ಬ ಮಂಗಳವಾರ ರಾತ್ರಿ, ಸಿಲ್ಕ್ ಬೋರ್ಡ್ ದಾಟ್ಕೊಂಡು ಮನೆಗೆ ಬಂದು, ಊಟ ಮುಗಿಸಿ, ಮಲಗೋಕೆ ಮುಂಚೆ ಅರ್ಧ ಗಂಟೆ ಸಿಗೋನು. ಆ ಶನಿವಾರದೋನು ಕೊಳ್ತಾನೆ, ಆಡ್ಬೇಕಾಗಿರೋದು ಈ ಮಂಗಳವಾರದೋನು. ಯಾರು ಆರಿಸ್ಬೇಕು? ಮಂಗಳವಾರದೋನು!

ರೆಡ್ ಡೆಡ್ ರಿಡೆಂಪ್ಶನ್ ಟೂ, 2018ರ ಗೇಮ್, ಅದ್ಭುತ, ನಾನು ಇಲ್ಲ ಅನ್ನಲ್ಲ. ಕಥೆ ಒಂದೇ ಹಿಡ್ಕೊಂಡು ಹೋದ್ರೂ ಸುಮಾರು 50 ಗಂಟೆ. ದಿನಕ್ಕೆ ಅರ್ಧ ಗಂಟೆ ಅಂದ್ರೆ 100 ರಾತ್ರಿ, ಅದೂ ಒಂದು ದಿನಾನೂ ತಪ್ಪಿಸ್ದೆ. ಮಧ್ಯದಲ್ಲಿ ಒಂದು ಮದುವೆ, ಒಂದು ಜ್ವರ ಬಂತು ಅಂದ್ರೆ ಯಾವ ಬಟನ್ ಒತ್ತಿದ್ರೆ ಏನಾಗುತ್ತೆ ಅನ್ನೋದೇ ಮರ್ತಿರುತ್ತೆ, ಸುಮ್ನೆ ಮಾತಾಡ್ಸೋಕೆ ಹೋಗಿ ಗನ್ ತೆಗ್ದಿರ್ತೀರ. ಸ್ಟೀಮ್‌ನಲ್ಲಿ ರೀಫಂಡ್ ಬೇಕು ಅಂದ್ರೆ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇರ್ಬೇಕು. ಈ ಗೇಮಲ್ಲಿ ಆ ಎರಡು ಗಂಟೆ ಹೆಚ್ಚುಕಮ್ಮಿ ಹಿಮದಲ್ಲಿ ಕುದುರೆ ನಡೆಸೋದ್ರಲ್ಲೇ ಹೋಗುತ್ತೆ. ಡೌನ್‌ಲೋಡ್ ಸೈಜ್ ಬಗ್ಗೆ ನಾನು ಬಾಯೇ ಬಿಡಲ್ಲ. ಬಾಲ್ಡರ್ಸ್ ಗೇಟ್ ತ್ರೀ ಅನ್ನೋ ಇನ್ನೊಂದು ಗೇಮ್‌ಗೆ 150 ಜಿಬಿ ಜಾಗ ಬೇಕಂತೆ, ನನ್ನ ಲ್ಯಾಪ್‌ಟಾಪ್ ಅದನ್ನ ಓದಿ ಫ್ಯಾನ್ ಜೋರು ಮಾಡ್ಕೊಂಡಿತು.

ಮಂಗಳವಾರದೋನನ್ನ ಕೇಳಿದ್ರೆ ಅವ್ನು ವೆಂಬಾ ಆರಿಸ್ತಾನೆ. ಟೊರಾಂಟೋದ ವಿಸೈ ಗೇಮ್ಸ್, 2023. ಕೆನಡಾಗೆ ಹೋಗಿ ನೆಲೆಸಿದ ತಮಿಳು ದಂಪತಿ, ಅಮ್ಮ ಕೊಟ್ಟ ಹರಿದು ಹೋದ ಅಡುಗೆ ಪುಸ್ತಕ, ಮಾಸಿಹೋದ ಸಾಲುಗಳನ್ನ ನೀವೇ ಊಹಿಸಿ ಅಡುಗೆ ಮಾಡ್ಬೇಕು. ಶುರುವಾಗೋದೇ ಇಡ್ಲಿಯಿಂದ. ಒಂದೂವರೆ ಗಂಟೆ ಹತ್ರದಲ್ಲಿ ಮುಗಿಯುತ್ತೆ. ಮೂರು ರಾತ್ರಿ, ಕಣ್ಣಲ್ಲಿ ನೀರು, ಹೊಟ್ಟೇಲಿ ಹಸಿವು. ಯಾರಾದ್ರೂ ಪುಣ್ಯಾತ್ಮರು ಬಿಸಿಬೇಳೆಬಾತ್‌ಗೂ ಒಂದು ಗೇಮ್ ಮಾಡಿ, ವಾಯ್ಸ್ ನಾನು ಕೊಡ್ತೀನಿ, ದುಡ್ಡು ಆಮೇಲೆ ಮಾತಾಡೋಣ.

"ಹಂಗಾದ್ರೆ ಜೀವಮಾನವೆಲ್ಲಾ ಕ್ಯಾಂಡಿ ಕ್ರಶ್ ಆಡ್ಕೊಂಡಿರೋದಾ?" ಬಂತು ನೋಡಿ. ಇದೊಂದು ಬರುತ್ತೆ ಅಂತ ಗೊತ್ತಿತ್ತು. ಕಮ್ಮಿ ಆಡೋರಿಗೆ ರುಚಿ ಇಲ್ಲ ಅಂತ ಯಾರು ಹೇಳಿದ್ದು? ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಬೇಸಾಯದ ಗೇಮ್ ಕೊಟ್ಟು ನೋಡಿ. ಎರಿಕ್ ಬರೋನ್ ಅನ್ನೋ ಒಬ್ನೇ ಮನುಷ್ಯ ಚಿತ್ರ, ಸಂಗೀತ, ಕೋಡ್ ಎಲ್ಲಾ ತಾನೇ ಮಾಡಿ 2016ರಲ್ಲಿ ಬಿಟ್ಟಿದ್ದು, ಆಮೇಲೆ ಸ್ಪ್ಲಿಟ್ ಸ್ಕ್ರೀನೂ ಬಂತು. "ನಾನು ಗೇಮ್ ಎಲ್ಲಾ ಆಡಲ್ಲಪ್ಪ" ಅಂದೋರೇ ಮಧ್ಯರಾತ್ರಿ "ಇರು, ಕುಂಬಳಕಾಯಿಗೆ ನೀರು ಹಾಕಿ ಬರ್ತೀನಿ" ಅಂತಿರ್ತಾರೆ. ಆಗ ಮಲಗು ಬಾ ಅಂತ ಕರೆಯೋರು ನೀವಾಗಿರ್ತೀರ.

ಇನ್ನೊಬ್ರು ಹೇಳ್ತಾರೆ, "ಚಾಲೆಂಜ್ ಇಲ್ದೆ ಮಜಾ ಏನಿದೆ?" ನಿಮಗೆ ಚಾಲೆಂಜ್ ಬೇಕಾ? ಪಕ್ಕದಲ್ಲಿರೋರು ತಪ್ಪು ಮಾಡಿದಾಗ ಅವ್ರ ಕೈಯಿಂದ ಕಂಟ್ರೋಲರ್ ಕಿತ್ಕೊಳ್ದೆ ಐದು ನಿಮಿಷ ಸುಮ್ನೆ ಕೂತು ತೋರ್ಸಿ. ಎಲ್ಡನ್ ರಿಂಗ್‌ನ ಕಷ್ಟದ ಬಾಸ್ ಮಲೇನಿಯಾನ ನೀವು ಸೋಲ್ಸಿದ್ದು ನನಗೆ ದೊಡ್ಡದಲ್ಲ, ಇದನ್ನ ಮಾಡಿ.

"ಪಿಎಸ್ ಫೈವ್ ಕನ್ಸೋಲ್ ಕೊಂಡಿದ್ದು ನಾನು." ಕೊಂಡ್ಕೊಳ್ಳಿ. ಫ್ರಿಜ್ಜೂ ನೀವೇ ಕೊಂಡಿರ್ತೀರ, ಅದರಲ್ಲಿ ಏನಿಡ್ಬೇಕು ಅಂತ ನೀವೇ ಹೇಳ್ತೀರಾ? ಹೇಳಿ ನೋಡಿ ಒಂದ್ಸಲ.

"ರಿವ್ಯೂ ನೋಡಿ ಆರಿಸ್ತೀವಿ." ರಿವ್ಯೂ ಬರೆಯೋನು ಯಾರು? ಜಾಸ್ತಿ ಆಡೋನು! ಅವನಿಗೆ ಸುಲಭ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಹತ್ತಕ್ಕೆ ಹತ್ತು ಕೊಟ್ಟಿರ್ತಾನೆ, ನಿಮ್ಮ ಮನೇಲಿ ಆಕಾಶ ನೋಡ್ತಾ ನಿಂತಿರ್ತಾರೆ.

ಕಮ್ಮಿ ಆಡೋರು ಆರಿಸ್ಲಿ. ಇನ್ನೆಷ್ಟು ಸಲ ಹೇಳ್ಲಿ? ಕಮ್ಮಿ ಆಡೋರು! ನೀವು ಮೂರು ಟ್ರೇಲರ್ ಹಾಕಿ ತೋರ್ಸಿ, ಅವ್ರು ಬೆರಳು ತೋರಿಸಿದ್ದನ್ನ ಹಾಕಿ. ಬಾತುಕೋಳಿ ಚೆನ್ನಾಗಿದೆ ಅಂದ್ರೆ ಬಾತುಕೋಳಿ. ಅನ್‌ಟೈಟಲ್ಡ್ ಗೂಸ್ ಗೇಮ್ ಇದೆ, ಈಗ ಇಬ್ರು ಆಡಬಹುದು, ಎರಡು ಬಾತುಕೋಳಿ ಸೇರಿ ಇಡೀ ಊರಿಗೆ ಕಾಟ ಕೊಡೋದು. ಅದು ಬಾತುಕೋಳಿ ಅಲ್ಲ, ಹೆಬ್ಬಾತು ಅಂತ ತಿದ್ದೋಕೆ ಬರ್ಬೇಡಿ, ನನಗೀಗ ಮೂಡಿಲ್ಲ. ಸಾಕು ಅಂದ್ರೆ ಸಾಕು, ಯಾಕೆ ಸಾಕು ಅಂತ ವಿಚಾರಣೆ ಬೇಡ. ಕಾರಣ? ಕಾರಣ ಎಲ್ಲಾ ಹೇಳಾಯ್ತಲ್ಲ. ಇನ್ನೂ ಇತ್ತು, ನೋಟ್ಸ್‌ನಲ್ಲಿ ಬರ್ದಿದ್ದೆ, ಆ ಹಾಳೆ ಮೇಲೆ ಕಾಫಿ ಚೆಲ್ಲಿದೆ. ನಾನು ಹೇಳ್ತಿದೀನಿ ಅಂದ್ಮೇಲೆ ಸರಿ ಇರುತ್ತೆ, ಬಿಡಿ.

ಭಾನುವಾರ ರಾತ್ರಿ ಲೈವ್ ಇದೆ. ಏನು ಆಡೋದು ಅಂತ ಕಮ್ಯುನಿಟಿ ಟ್ಯಾಬ್‌ನಲ್ಲಿ ಪೋಲ್ ಹಾಕ್ತೀನಿ. ವಾರಕ್ಕೆ ಒಂದೆರಡು ಗಂಟೆ ಆಡೋರು ಮಾತ್ರ ವೋಟ್ ಹಾಕಿ. ದಿನವಿಡೀ ಆಡೋರ ವೋಟು ಲೆಕ್ಕಕ್ಕಿಲ್ಲ. ಯೂಟ್ಯೂಬ್‌ನಲ್ಲಿ ಹಂಗೆ ಸೆಟ್ಟಿಂಗ್ ಇಲ್ಲ ಅಂತ ನನಗೂ ಗೊತ್ತು, ನಿಮ್ಮ ಹೆಸರು ನೋಡಿದ್ರೆ ನನಗೆ ಗೊತ್ತಾಗುತ್ತೆ. ಬೆಲ್ ಒತ್ತಿ. ಟಾಟಾ.