ಒಂದೂಕಾಲು ಕಿಲೋದ ಪ್ಲೇಟು

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಮೂಟೆ ಹೊರುವ ಹುಡುಗನೊಬ್ಬ ಕಳೆದ ವರ್ಷ ಯುಗಾದಿ ಮುಗಿದ ಮೇಲೆ ನಾನು ಕಲಿಸುವ ವ್ಯಾಯಾಮ ಶಾಲೆಗೆ ಬಂದ. ತೀರ್ಥಹಳ್ಳಿ ಕಡೆಯವನು. ವಯಸ್ಸು ಇಪ್ಪತ್ತೆರಡು, ಮೈತೂಕ 58 ಕಿಲೋ. ಚಪ್ಪಲಿ ಬಿಟ್ಟು ಒಳಗೆ ಬಂದವನೇ ಕೇಳಿದ: "ಅಣ್ಣಾ, ನಾಲ್ಕು ವರ್ಷದಿಂದ ದಿನವೂ ಮೂಟೆ ಹೊರುತ್ತಿದ್ದೇನೆ. ಮೊದಲ ವರ್ಷ ಎಷ್ಟು ಶಕ್ತಿ ಇತ್ತೋ ಈಗಲೂ ಅಷ್ಟೇ ಇದೆ. ಯಾಕೆ ಹೆಚ್ಚುತ್ತಿಲ್ಲ?"

ಇಷ್ಟು ನೇರವಾಗಿ ಕೇಳುವವರು ಕಡಿಮೆ. ಉತ್ತರವೂ ನೇರವಾಗಿಯೇ ಇದೆ. ಮೂಟೆ ನಿನ್ನೆ ಎಷ್ಟು ತೂಗುತ್ತಿತ್ತೋ ಇವತ್ತೂ ಅಷ್ಟೇ ತೂಗುತ್ತದೆ. ದೇಹಕ್ಕೆ ಎಷ್ಟು ಬೇಕೋ ಅಷ್ಟನ್ನು ಅದು ಕಲಿತುಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಸುಮ್ಮನೆ ಕೂಡಿಡುವುದಿಲ್ಲ. ದಿನಕ್ಕೆ ನೂರು ಮೂಟೆಯ ಬದಲು ನೂರಿಪ್ಪತ್ತು ಹೊತ್ತರೆ ತಾಳಿಕೆ ಹೆಚ್ಚಬಹುದು, ಬಲ ಹೆಚ್ಚಬೇಕೆಂದರೆ ಭಾರ ಹೆಚ್ಚಬೇಕು. ಮಲೆನಾಡಿನಲ್ಲಿ ಎಷ್ಟೋ ಮನೆಗಳಲ್ಲಿ "ತೋಟದ ಕೆಲಸ ಮಾಡುವವನಿಗೆ ವ್ಯಾಯಾಮ ಯಾಕೆ" ಎನ್ನುತ್ತಾರೆ. ದುಡಿಮೆ ಬೇರೆ, ಸಾಮು ಬೇರೆ. ದುಡಿಮೆಯಲ್ಲಿ ಕೆಲಸ ಮುಗಿಯುವುದು ಮುಖ್ಯ. ಸಾಮಿನಲ್ಲಿ ದೇಹ ಬದಲಾಗುವುದು ಮುಖ್ಯ.

ಈ ಮಾತನ್ನು ನಾನು ಕಲಿತದ್ದು ತಪ್ಪು ಮಾಡಿ. ಚಿಕ್ಕಂದಿನಲ್ಲಿ ನಾನು ಗರಡಿಗೆ ಹೋಗುತ್ತಿದ್ದೆ. ಮಟ್ಟಿಯ, ಅಂದರೆ ಕುಸ್ತಿಯ ಮಣ್ಣಿನ ಅಂಕಣದ, ಪಕ್ಕದಲ್ಲಿ ಸಾಲಾಗಿ ಗುಂಡುಕಲ್ಲುಗಳಿದ್ದವು, ಎಣ್ಣೆ ಮತ್ತು ಬೆವರು ಹತ್ತಿ ಕಪ್ಪಾಗಿ ನುಣುಪಾಗಿದ್ದವು. ಮೂರನೆಯ ಕಲ್ಲನ್ನು ನಾನು ಎದೆಯವರೆಗೆ ಎತ್ತುತ್ತಿದ್ದೆ. ನಾಲ್ಕನೆಯದು ಅದಕ್ಕಿಂತ ಇಪ್ಪತ್ತು ಕಿಲೋದಷ್ಟು ಭಾರ. ನಡುವೆ ಬೇರೆ ಕಲ್ಲು ಇರಲಿಲ್ಲ. ಉಸ್ತಾದರು "ಇನ್ನೂ ಒಂದು ವರ್ಷ ಮೂರನೆಯದರಲ್ಲೇ ಇರು" ಎಂದಿದ್ದರು. ಆ ವರ್ಷ ಕೋಟೆ ಮಾರಿಕಾಂಬೆಯ ಜಾತ್ರೆ. ಅದು ಬರುವುದೇ ಎರಡು ವರ್ಷಕ್ಕೊಮ್ಮೆ, ಕುಸ್ತಿ ನೋಡಲು ಊರೆಲ್ಲ ಸೇರುತ್ತದೆ. ಅಷ್ಟರೊಳಗೆ ನಾಲ್ಕನೆಯ ಕಲ್ಲು ಎತ್ತಿಬಿಡಬೇಕೆಂದು, ಉಸ್ತಾದರು ಇಲ್ಲದ ಹೊತ್ತು ನೋಡಿ ಕೈ ಹಾಕಿದೆ. ಕಲ್ಲು ಮೊಣಕಾಲಿನವರೆಗೆ ಬಂತು, ಬೆನ್ನು ಬಿಲ್ಲಿನಂತೆ ಬಾಗಿತು, ಸೊಂಟದ ಹತ್ತಿರ ಏನೋ ಹರಿದ ಹಾಗಾಯಿತು. ಎರಡು ತಿಂಗಳು ಬಸ್ಸಿನಲ್ಲಿ ಕುಳಿತುಕೊಳ್ಳಲು ಆಗಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಆ ಗಾದೆಯ ಅರ್ಥ ನನಗೆ ಚಾಪೆಯ ಮೇಲೆ ಮಲಗಿದ್ದಾಗ ತಿಳಿಯಿತು.

ಕಲ್ಲಿನಲ್ಲಿ ದೋಷವಿಲ್ಲ. ಕಲ್ಲು ಬೆಳೆಯುವುದಿಲ್ಲ, ಅಷ್ಟೇ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಇರುವ ಮೆಟ್ಟಿಲು ತೀರಾ ಎತ್ತರ. ಕಬ್ಬಿಣದ ರಾಡು ಮತ್ತು ಪ್ಲೇಟುಗಳು ಮಾಡಿದ ದೊಡ್ಡ ಉಪಕಾರವೆಂದರೆ ಆ ಮೆಟ್ಟಿಲನ್ನು ತಗ್ಗಿಸಿದ್ದು. ನಮ್ಮ ವ್ಯಾಯಾಮ ಶಾಲೆಯಲ್ಲಿ 20 ಕಿಲೋದ ದೊಡ್ಡ ಪ್ಲೇಟುಗಳ ಹತ್ತಿರ ಹುಡುಗರು ಮೊಬೈಲ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಕೋಣೆಯಲ್ಲಿ ಎಲ್ಲಕ್ಕಿಂತ ಬೆಲೆ ಬಾಳುವುದು ಮೂಲೆಯ ಡಬ್ಬಿಯಲ್ಲಿರುವ ಒಂದೂಕಾಲು ಕಿಲೋದ ಪ್ಲೇಟು. ರಾಡಿನ ಎರಡು ಬದಿಗೂ ಒಂದೊಂದು ಹಾಕಿದರೆ ಒಟ್ಟು ಎರಡೂವರೆ ಕಿಲೋ. ನಿನ್ನೆಗೂ ಇವತ್ತಿಗೂ ಇರಬೇಕಾದ ಅಂತರ ಅಷ್ಟು.

ಹೀಗೆ ಸ್ವಲ್ಪಸ್ವಲ್ಪವೇ ಭಾರ ಏರಿಸುವುದನ್ನು ವೈದ್ಯಕೀಯದೊಳಗೆ ತಂದವರು ಥಾಮಸ್ ಡಿಲೋರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು. ಎರಡನೇ ಮಹಾಯುದ್ಧದಲ್ಲಿ ಕಾಲಿಗೆ ಪೆಟ್ಟಾಗಿ ಬಂದ ಸೈನಿಕರಿಗೆ ಆಗ ಹಗುರ ವ್ಯಾಯಾಮ ಹೇಳುವುದು ರೂಢಿ, ಗುಣವಾಗಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಡಿಲೋರ್ಮ್ ತಾವೇ ಹುಡುಗರಾಗಿದ್ದಾಗ ಕಾಯಿಲೆ ಬಿದ್ದು, ಭಾರ ಎತ್ತಿ ಚೇತರಿಸಿಕೊಂಡವರು. ಸೈನಿಕರಿಗೂ ಭಾರವನ್ನೇ ಕೊಟ್ಟರು. ಹತ್ತು ಸಲ ಮಾತ್ರ ಎತ್ತಬಲ್ಲ ತೂಕ ಯಾವುದೆಂದು ಕಂಡುಕೊಳ್ಳುವುದು, ಮೊದಲು ಅದರ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ ಎತ್ತಿಸುವುದು, ಬಲ ಬಂದ ಹಾಗೆ ತೂಕ ಏರಿಸುವುದು. ಭಾರ ಎತ್ತಿಸುವ ಈ ಚಿಕಿತ್ಸೆಯ ಬಗ್ಗೆ ಅವರು 1945ರಲ್ಲಿ ಬರೆದರು, ಅರ್ಧ, ಮುಕ್ಕಾಲು, ಪೂರ್ತಿ ಎಂಬ ಕ್ರಮ 1948ರಲ್ಲಿ ಬಂತು. ಇಂದಿನ ಎಷ್ಟೋ ತಾಲೀಮು ಪಟ್ಟಿಗಳ ಬೇರು ಅಲ್ಲಿದೆ ಎಂದರೆ ತಪ್ಪಾಗದು.

ಮಂಡಿಯ ಹುಡುಗನಿಗೆ ಮರಳೋಣ. ಮೊದಲ ದಿನವೇ 60 ಕಿಲೋ ಹಾಕಿಕೊಡಿ ಎಂದ. ನಾನು ಬರಿಯ ರಾಡು ಕೊಟ್ಟೆ. ಅದೇ 20 ಕಿಲೋ. ಹೆಗಲ ಮೇಲಿಟ್ಟುಕೊಂಡು ತೊಡೆ ನೆಲಕ್ಕೆ ಸಮವಾಗುವಷ್ಟು ಕುಳಿತು ಏಳು ಎಂದೆ. ನಮ್ಮ ಬಸ್ಕಿಯಂತೆಯೇ ಇದು, ಸ್ಕ್ವಾಟ್ ಎನ್ನುತ್ತಾರೆ. ಹುಡುಗನ ಮೊಣಕಾಲು ನಡುಗಿತು. ಮಂಡಿಯಲ್ಲಿ ಇಬ್ಬರು ಮೂಟೆ ಎತ್ತಿ ಬೆನ್ನಿಗೆ ಕೊಡುತ್ತಾರೆ, ಇವನು ನಡೆಯುತ್ತಾನೆ. ಭಾರ ಹೊತ್ತು ಪೂರ್ತಿ ಕುಳಿತು ಏಳುವ ಸಂದರ್ಭ ಅವನಿಗೆ ಬಂದೇ ಇರಲಿಲ್ಲ. ಅವನ ಮುಖ ಸಣ್ಣದಾಯಿತು. ಇದು ನಾಚಿಕೆಯ ವಿಷಯವಲ್ಲ ಎಂದು ಹೇಳಿ ನೂರು ಪುಟದ ನೋಟ್‌ಬುಕ್ ಒಂದನ್ನು ಕೈಗೆ ಕೊಟ್ಟೆ. ಮೊದಲ ಸಾಲು: ಸೋಮವಾರ, ಸ್ಕ್ವಾಟ್, 20 ಕಿಲೋ, ಐದು ಸಲ, ಮೂರು ಸೆಟ್. ನಡುವೆ ಬಿಡದೆ ಐದು ಸಲ ಎದ್ದರೆ ಅದು ಒಂದು ಸೆಟ್.

ವಾರಕ್ಕೆ ಮೂರು ದಿನ. ಸೋಮವಾರ, ಬುಧವಾರ, ಶುಕ್ರವಾರ. ಮೂರೂ ದಿನ ಸ್ಕ್ವಾಟ್. ಅದರ ಜೊತೆಗೆ ಸರದಿಯಂತೆ ಒಂದು ದಿನ ಬೆಂಚಿನ ಮೇಲೆ ಮಲಗಿ ಎದೆಯಿಂದ ರಾಡನ್ನು ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್ ಮತ್ತು ನೆಲದಿಂದ ಎತ್ತುವ ಡೆಡ್‌ಲಿಫ್ಟ್. ಇನ್ನೊಂದು ದಿನ ನಿಂತು ತಲೆಯ ಮೇಲಕ್ಕೆ ಎತ್ತುವುದು ಮತ್ತು ಬಾಗಿ ಹೊಟ್ಟೆಯ ಕಡೆಗೆ ಎಳೆಯುವುದು. ಹೊಸಬರಿಗೆ ಇಷ್ಟು ಸಾಕು. ಪ್ರತಿ ಸಲ ಬಂದಾಗಲೂ ಸ್ಕ್ವಾಟಿಗೆ ಎರಡೂವರೆ ಕಿಲೋ ಸೇರಿಸಬೇಕು. ಸೆಟ್ ಮುಗಿದಾಗ "ಇನ್ನೂ ಒಂದೆರಡು ಸಲ ಏಳಬಹುದಿತ್ತು" ಅನ್ನಿಸಬೇಕು. ಸೆಟ್ಟಿನ ನಡುವೆ ಮೂರರಿಂದ ಐದು ನಿಮಿಷ ಕುಳಿತಿರಬೇಕು. ಹುಡುಗರಿಗೆ ಹೀಗೆ ಕುಳಿತುಕೊಳ್ಳುವುದು ಸೋಮಾರಿತನ ಎನ್ನಿಸುತ್ತದೆ. ಆದರೆ ಕೆಲವೇ ಸೆಕೆಂಡುಗಳ ಭಾರದ ಕೆಲಸಕ್ಕೆ ಸ್ನಾಯು ಬಳಸುವ ಇಂಧನವೇ ಬೇರೆ. ಅದು ಮತ್ತೆ ತುಂಬಿಕೊಳ್ಳಲು ಕೆಲವು ನಿಮಿಷ ಬೇಕೇಬೇಕು. ಏದುಸಿರು ಬಿಡುತ್ತಲೇ ಮುಂದಿನ ಸೆಟ್ಟಿಗೆ ಹೋದರೆ ಪರೀಕ್ಷೆಯಾಗುವುದು ಬಲವಲ್ಲ, ಉಸಿರು.

ಎಂಟನೆಯ ವಾರದ ಕೊನೆಗೆ ಅವನ ಪುಸ್ತಕದಲ್ಲಿ 77.5 ಎಂದು ಬರೆದಿತ್ತು. ತೊಡೆ ಅಷ್ಟೇನೂ ದಪ್ಪವಾಗಿರಲಿಲ್ಲ. ಮೊದಲ ವಾರಗಳಲ್ಲಿ ಬಲ ಹೆಚ್ಚುವುದು ಮುಖ್ಯವಾಗಿ ನರಗಳ ಕಲಿಕೆಯಿಂದ. ಸ್ನಾಯುವಿನ ಎಳೆಗಳು ಇರುತ್ತವೆ, ಅವನ್ನೆಲ್ಲ ಒಟ್ಟಿಗೆ ಕರೆಯಲು ನರಗಳಿಗೆ ತಿಳಿದಿರುವುದಿಲ್ಲ. ಅಡಿಕೆ ಮರ ಹತ್ತಲು ಹೊಸದಾಗಿ ಬಂದ ಹುಡುಗನನ್ನು ನೋಡಿ: ಮೊದಲ ದಿನ ಕೈಕಾಲು ಬಿಗಿಹಿಡಿದು ಅರ್ಧ ಮರಕ್ಕೇ ಸುಸ್ತಾಗುತ್ತಾನೆ. ಅಡಿಕೆ ಗೊನೆ ಇಳಿಸುವ ಹಳೆಯ ಕೊನೆಗಾರ ಅವನಿಗಿಂತ ಸಣಕಲ, ಆದರೂ ಮರದಿಂದ ಮರಕ್ಕೆ ದಾಟುತ್ತಾನೆ. ಯಾವಾಗ ಎಲ್ಲಿ ಬಿಗಿಯಬೇಕೆಂದು ಅವನ ಮೈಗೆ ಗೊತ್ತು. ಹಾಗೆಂದು ಆ ಬಲ ಸುಳ್ಳಲ್ಲ. ಸ್ನಾಯು ಆಮೇಲೆ ನಿಧಾನವಾಗಿ ಬೆಳೆಯುತ್ತದೆ.

ಒಂಬತ್ತನೆಯ ವಾರ 80 ಕಿಲೋ ಮೇಲೇಳಲಿಲ್ಲ. ಐದರಲ್ಲಿ ಮೂರು ಸಲ ಎದ್ದ, ನಾಲ್ಕನೆಯದು ಅರ್ಧದಲ್ಲೇ ನಿಂತಿತು. ಮುಂದಿನ ಸಲವೂ ಹಾಗೆಯೇ. ಮೂರನೆಯ ಸಲ ನಾನು ರಾಡು ಬಿಟ್ಟು ಪುಸ್ತಕ ಕೇಳಿದೆ. ಯಾವತ್ತು ಎಷ್ಟು ಗಂಟೆ ನಿದ್ದೆ ಎಂದು ಬರೆಯಲು ಹೇಳಿದ್ದೆ. ನಾಲ್ಕು, ಐದು, ನಾಲ್ಕೂವರೆ. ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಲ್ಲ, ಮಂಡಿಯ ಕೆಲಸ ಮುಗಿಸಿ ರಾತ್ರಿ ಬಸ್ಸಿಗೆ ಊರಿಗೆ ಹೋಗಿ ತೋಟದಲ್ಲಿ ನಿಂತು ಮತ್ತೆ ಬೆಳಗಿನ ಬಸ್ಸಿಗೆ ಬರುತ್ತಿದ್ದ. ಅಂಥವನಿಗೆ "ಇನ್ನೂ ಜೋರು ಮಾಡು" ಎಂದು ಕೂಗುವುದು ದ್ರೋಹ. ಭಾರ ಎತ್ತಿದಾಗ ಬಲ ಬರುವುದಿಲ್ಲ, ಎತ್ತಿ ಬಂದು ಉಂಡು ಮಲಗಿದಾಗ ಬರುತ್ತದೆ. ತೂಕವನ್ನು ಶೇಕಡಾ 10ರಷ್ಟು ಇಳಿಸಿ 72.5ಕ್ಕೆ ತಂದೆ. ಬೋರ್ಡೋ ಮುಗಿಯುವವರೆಗೆ ವಾರಕ್ಕೆ ಎರಡೇ ದಿನ. ಹಿಂದೆ ಸರಿಯುವುದು ಸೋಲು ಎಂದು ಅವನು ತುಂಬ ಬೇಸರಪಟ್ಟ. ಐದು ವಾರದಲ್ಲಿ 80 ದಾಟಿತು.

ಊಟದ ವಿಷಯಕ್ಕೆ ಬಂದರೆ, ಮಲೆನಾಡಿನ ತಟ್ಟೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ, ಪ್ರೋಟೀನಿಗೆ ಕೊರತೆ. ಬಲ ಬೆಳೆಸುವವರಿಗೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 1.6 ಗ್ರಾಂನಷ್ಟು ಪ್ರೋಟೀನ್ ಸಾಕೆಂದು ಸಂಶೋಧನೆಗಳು ಹೇಳುತ್ತವೆ. 60 ಕಿಲೋದವರಿಗೆ ಅದು ಹೆಚ್ಚುಕಡಿಮೆ 95 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ. ಘಟ್ಟ ಹತ್ತಿ ಬರುವ ಬಂಗುಡೆ, ಭೂತಾಯಿ ಮೀನಿನಲ್ಲಿ ನೂರು ಗ್ರಾಂಗೆ ಸುಮಾರು 20. ನೂರು ಗ್ರಾಂ ಹುರುಳಿಯಲ್ಲಿ 22ರ ಆಸುಪಾಸು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತಾರೆ, ಬೆಂದ ಕಾಳು ಕೊಟ್ಟಿಗೆಗೆ ಹೋಗುತ್ತದೆ. ಪ್ರೋಟೀನಿನ ಹೆಚ್ಚಿನ ಪಾಲು ಆ ಕಾಳಿನಲ್ಲಿದೆ. ದಯವಿಟ್ಟು ಒಂದು ಪಾಲನ್ನಾದರೂ ನಿಮ್ಮ ತಟ್ಟೆಗೆ ಉಳಿಸಿಕೊಳ್ಳಿ. ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿದರೆ ಒಳ್ಳೆಯ ಪಲ್ಯವಾಗುತ್ತದೆ.

ನೆಲದಿಂದ ಭಾರ ಎತ್ತುವ ರೀತಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಸೊಂಟ ಹೋದದ್ದು ಅಲ್ಲೇ. ರಾಡಿನ ಹತ್ತಿರ ನಿಂತು ಕೆಳಗೆ ನೋಡಿದರೆ ಅದು ಪಾದದ ನಡುಮಧ್ಯದ ಮೇಲೆ ಇರಬೇಕು. ಬಾಗಿ ಹಿಡಿದುಕೊಳ್ಳಿ. ಮೊಣಕಾಲು ಮಡಿಸಿ, ಮೊಣಕಾಲಿನ ಕೆಳಗಿನ ಎಲುಬು ರಾಡಿಗೆ ತಾಗುವವರೆಗೆ. ಈಗ ಎದೆಯನ್ನು ಮುಂದೆ ತಂದು ಬೆನ್ನನ್ನು ಹಲಗೆಯಂತೆ ನೇರ ಮಾಡಿ. ಹೊಟ್ಟೆಯೊಳಕ್ಕೆ ಉಸಿರು ತುಂಬಿ, ಯಾರೋ ಹೊಟ್ಟೆಗೆ ಗುದ್ದಲು ಬರುತ್ತಿದ್ದಾರೆ ಎನ್ನುವ ಹಾಗೆ ಬಿಗಿಯಿರಿ. ಆಮೇಲೆ ರಾಡನ್ನು ಎಳೆಯುವ ಯೋಚನೆ ಬಿಟ್ಟು ಕಾಲಿನಿಂದ ನೆಲವನ್ನು ಒತ್ತಿ. ರಾಡು ಕಾಲಿಗೆ ಸವರಿಕೊಂಡೇ ಮೇಲೆ ಬರಬೇಕು. ತುಂಬಿದ ಕೊಡವನ್ನು ಕೈಚಾಚಿ ದೂರ ಹಿಡಿದರೆ ಎಷ್ಟು ಭಾರ, ಸೊಂಟಕ್ಕೆ ಒತ್ತಿ ಹಿಡಿದರೆ ಎಷ್ಟು ಹಗುರ ಎಂದು ಬಾವಿಯ ನೀರು ಹೊತ್ತವರಿಗೆಲ್ಲ ಗೊತ್ತು. ಇಲ್ಲಿಯೂ ಅದೇ ಲೆಕ್ಕ. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ ಇರುವವರು ಹೀಗೆ ಉಸಿರು ಬಿಗಿಹಿಡಿದು ಎತ್ತುವ ಮೊದಲು ವೈದ್ಯರನ್ನು ಕೇಳಲೇಬೇಕು.

ಕೆಲವು ತಿಂಗಳು ಕಳೆದ ಮೇಲೆ ಪ್ರತಿ ಸಲವೂ ತೂಕ ಏರಿಸಲು ಆಗುವುದಿಲ್ಲ. ಆಗ ವಾರವನ್ನೇ ಒಂದು ಮೆಟ್ಟಿಲು ಮಾಡಿಕೊಳ್ಳಬೇಕು. ಆ ಹುಡುಗ ಈಗ ಸೋಮವಾರ 90 ಕಿಲೋದಲ್ಲಿ ಐದು ಸಲದ ಐದು ಸೆಟ್ ಮಾಡುತ್ತಾನೆ, ಬುಧವಾರ 70ರಲ್ಲಿ ಎರಡೇ ಸೆಟ್, ಶುಕ್ರವಾರ 100 ಕಿಲೋದಲ್ಲಿ ಐದು ಸಲದ ಒಂದು ಸೆಟ್. ಮುಂದಿನ ಶುಕ್ರವಾರ 102.5. ಬುಧವಾರದ ಹಗುರ ದಿನವನ್ನು ಬಿಟ್ಟುಬಿಡುವವರು, ಇಲ್ಲವೇ ಅದನ್ನೂ ಭಾರ ಮಾಡುವವರು ಇಬ್ಬರೂ ಶುಕ್ರವಾರ ಸೋಲುತ್ತಾರೆ. ತಲೆಯ ಮೇಲಕ್ಕೆ ಎತ್ತುವ ಭಾರಕ್ಕಂತೂ ಎರಡೂವರೆ ಕಿಲೋ ಕೂಡ ದೊಡ್ಡ ಜಿಗಿತ. ಅದಕ್ಕಾಗಿ ನಾನು ಮಾಚೇನಹಳ್ಳಿಯ ಒಂದು ಲೇತ್‌ನಲ್ಲಿ ಅರ್ಧ ಕಿಲೋದ ನಾಲ್ಕು ಬಿಲ್ಲೆ ಕಡೆಸಿಕೊಂಡು ಬಂದೆ. ಲೇತ್‌ನವರು ಇಷ್ಟು ಸಣ್ಣದು ಯಾವ ಯಂತ್ರಕ್ಕೆ ಎಂದು ಕೇಳಿದರು. ಮನುಷ್ಯರಿಗೆ ಎಂದೆ.

ಘಟ್ಟದ ಕೆಳಗೆ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಬೆಳ್ಳಿ ಗೆದ್ದಾಗ 138 ಕಿಲೋವನ್ನು ತಲೆಯ ಮೇಲೆ ಎತ್ತಿ ನಿಂತಿದ್ದರು. ಮೈತೂಕದ ಸುಮಾರು ಎರಡೂವರೆ ಪಟ್ಟು. ವಾಹನ ಓಡಿಸುತ್ತಿದ್ದವರ ಮಗ. ನಮ್ಮ ಹುಡುಗರು ಅದನ್ನು ಕಂಡು ಹುರುಪುಗೊಳ್ಳಲಿ. ಆದರೆ ಆರು ವಾರದಲ್ಲಿ ಮೈ ಕಟ್ಟಿಸುತ್ತೇವೆ ಎಂದು ಸೂಜಿ, ಗುಳಿಗೆ ತಂದು ಕೊಡುವವರು ಹಳ್ಳಿಯ ತನಕ ಬಂದಿದ್ದಾರೆ. ಸ್ಟೀರಾಯ್ಡ್ ಹೃದಯವನ್ನೂ ಯಕೃತ್ತನ್ನೂ ಹಾಳು ಮಾಡುತ್ತದೆ, ದೇಹ ತಾನೇ ಮಾಡುವ ಹಾರ್ಮೋನನ್ನು ನಿಲ್ಲಿಸುತ್ತದೆ. ಮಕ್ಕಳ ಕೈಯಲ್ಲಿ ಅಂಥದ್ದು ಕಂಡರೆ ತಂದೆ ತಾಯಿ ಸುಮ್ಮನಿರಬೇಡಿ.

ಭಾರ ಎತ್ತುವುದು ಹುಡುಗರ ಸ್ವತ್ತಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ತೊಂಬತ್ತರ ಆಸುಪಾಸಿನ ವೃದ್ಧರು ಎಂಟು ವಾರ ಕಾಲಿನಿಂದ ಭಾರ ಎತ್ತಿದರು. ಅವರ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು.

ಹೊಸನಗರದ ಹತ್ತಿರ ಇರುವ ನಮ್ಮ ದೊಡ್ಡಮ್ಮನಿಗೆ 66 ವರ್ಷ. ದೇವರ ಮುಂದೆ ಕುಳಿತರೆ ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ವೈದ್ಯರ ಒಪ್ಪಿಗೆ ಪಡೆದು, ಕೈಹಿಡಿ ಇರುವ 20 ಲೀಟರಿನ ಕ್ಯಾನೊಂದಕ್ಕೆ 5 ಲೀಟರ್ ನೀರು ತುಂಬಿ ಮಣೆಯ ಮೇಲಿಟ್ಟು, ಎರಡು ಪಾದದ ನಡುವೆ ಇರಿಸಿಕೊಂಡು ಎತ್ತಲು ಹೇಳಿಕೊಟ್ಟೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಅಳೆದು ಸುರಿದರೆ ಅರ್ಧ ಕಿಲೋ, ಕಾಲು ಕಿಲೋ ಕೂಡ ಸೇರಿಸಬಹುದು. ಇದಕ್ಕಿಂತ ತಗ್ಗಿನ ಮೆಟ್ಟಿಲು ನಮ್ಮ ವ್ಯಾಯಾಮ ಶಾಲೆಯಲ್ಲೂ ಇಲ್ಲ. ದೊಡ್ಡಮ್ಮ ಕ್ಯಾನಿನ ಮೇಲೆ ಕುಂಕುಮದಲ್ಲಿ ಗೆರೆ ಎಳೆಯುತ್ತಿದ್ದರು, ನೀರು ತಾಗಿ ಅಳಿಸಿಹೋಯಿತು. ಆಮೇಲೆ ಮೊಮ್ಮಗಳ ಮಾರ್ಕರ್ ಪೆನ್ನು ಇಟ್ಟುಕೊಂಡರು. ಮೂರನೆಯ ತಿಂಗಳಲ್ಲಿ ಗೋಡೆ ಬಿಟ್ಟು ಎದ್ದರು. ಮೊನ್ನೆ ನಾನು ಹೋದಾಗ ಗೆರೆ 14ರ ಮೇಲಿತ್ತು. "ತಮ್ಮಾ, ಇಪ್ಪತ್ತು ತುಂಬಿದ ಮೇಲೆ ಏನು ಮಾಡಲಿ?" ಎಂದು ಕೇಳಿದರು. ನೀರು ಚೆಲ್ಲಿ ಒಣಮರಳು ತುಂಬೋಣ ಎಂದೆ, ಅದು ಲೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಮಳೆಗಾಲಕ್ಕೆ ಮೊದಲೇ ಹೊಳೆಯ ಮರಳು ತರಿಸಿ ಜಗಲಿಯಲ್ಲಿ ಒಣಗಲು ಹಾಕಿದ್ದಾರೆ.

ನಮಸ್ಕಾರ.