ಬಟ್ಟಲು ಹಿಡಿದು ಹೆಪ್ಪಿಗೆ ಬಂದ ಬ್ಯಾಕ್ಟೀರಿಯಾ

ಕೇಳುಗರಿಗೆ ನಮಸ್ಕಾರ. ಹೆಪ್ಪು ಹಾಕಲು ಮೊಸರಿಲ್ಲ ಅಂದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತೇವೆ, ಅಲ್ವಾ? ಒಂದು ಚಮಚ ಕೊಟ್ಟರೆ ಅವರ ಮೊಸರೇನೂ ಮುಗಿಯುವುದಿಲ್ಲ. ನಾಳೆ ನಾವೂ ಇನ್ನೊಬ್ಬರಿಗೆ ಕೊಡಬಹುದು. ಬ್ಯಾಕ್ಟೀರಿಯಾಗಳೂ ತಮ್ಮ ಜೀನ್‌ಗಳನ್ನು ಹೀಗೆ ಹಂಚಿಕೊಳ್ಳುತ್ತವೆ. ಆದರೆ ಮೈಗೆ ಮೈ ತಾಗಲೇಬೇಕು.

ಇದರ ಸುಳಿವು ಸಿಕ್ಕಿದ್ದು 1946ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ. ಜೋಶುವಾ ಲೆಡರ್‌ಬರ್ಗ್ ಆಗಿನ್ನೂ ಇಪ್ಪತ್ತೊಂದರ ಹುಡುಗ. ಅವರೂ ಎಡ್ವರ್ಡ್ ಟೇಟಮ್ ಅವರೂ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಎರಡು ತಳಿ ತೆಗೆದುಕೊಂಡರು. ಎರಡಕ್ಕೂ ಬೇರೆ ಬೇರೆ ಕೊರತೆ. ಇದು ತಯಾರಿಸಿಕೊಳ್ಳುವ ಪೋಷಕಾಂಶ ಅದಕ್ಕೆ ಬರದು, ಅದರದು ಇದಕ್ಕೆ ಬರದು. ಎರಡನ್ನೂ ಬೆರೆಸಿ, ಆ ಪೋಷಕಾಂಶಗಳೇ ಇಲ್ಲದ ತಟ್ಟೆಯ ಮೇಲೆ ಹರಡಿದರು. ಸುಮಾರು ಒಂದು ಕೋಟಿಗೆ ಒಂದು ಬೆಳೆದು ನಿಂತಿತು! ಅಂದರೆ ಒಂದರ ಜೀನ್ ಇನ್ನೊಂದಕ್ಕೆ ಸೇರಿತ್ತು.

ಅದು ಸತ್ತ ಕೋಶದಿಂದ ಸೋರಿದ ಡಿಎನ್‌ಎ ಮೂಲಕವೇ ಯಾಕೆ ಸೇರಿರಬಾರದು? ಈ ಅನುಮಾನ ಬಗೆಹರಿಸಿದವರು ಬರ್ನಾರ್ಡ್ ಡೇವಿಸ್, 1950ರಲ್ಲಿ. ‘ಯು’ ಆಕಾರದ ಗಾಜಿನ ಕೊಳವೆ, ನಡುವೆ ಬಲು ಸಣ್ಣ ರಂಧ್ರದ ಸೋಸುಗ. ಒಂದೊಂದು ಕಡೆ ಒಂದೊಂದು ತಳಿ. ನೀರು ಆಚೀಚೆ ಓಡಾಡುತ್ತದೆ, ಬ್ಯಾಕ್ಟೀರಿಯಾ ದಾಟಲಾರದು. ಫಲ ಸೊನ್ನೆ. ಅಂದರೆ ಇಲ್ಲಿ ಮೈ ತಾಗದೆ ಜೀನ್ ದಾಟದು. ಇಷ್ಟು ಸರಳವಾದ ಉಪಾಯ ನೋಡಿದರೆ ನನಗೆ ಈಗಲೂ ಹೊಟ್ಟೆಕಿಚ್ಚು.

ಕೊಡುವ ಕೋಶದಲ್ಲಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆ ಇರುತ್ತದೆ. ಕೋಶ ಕೂದಲಿನಂಥ ಎಳೆಯೊಂದನ್ನು ಚಾಚಿ, ಪಕ್ಕದ ಕೋಶವನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಬಳೆಯ ಎರಡು ಎಳೆಗಳಲ್ಲಿ ಒಂದು ಮಾತ್ರ ಆಚೆ ಹೋಗುತ್ತದೆ. ಆಮೇಲೆ ಎರಡೂ ಕಡೆ ಜೊತೆಯ ಎಳೆ ಹೊಸದಾಗಿ ತಯಾರಾಗುತ್ತದೆ. ಕೊಟ್ಟವರಿಗೂ ಉಳಿಯಿತು, ಪಡೆದವರಿಗೂ ಆಯಿತು.

ಕೆಲವು ತಳಿಗಳು ತಮ್ಮ ದೊಡ್ಡ ಡಿಎನ್‌ಎಯನ್ನೇ ದಾಟಿಸಲು ಹೊರಡುತ್ತವೆ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ವೋಲ್ಮನ್ ಮತ್ತು ಜಾಕೋಬ್ ಈ ಜೋಡಿಗಳನ್ನು ನಡುವೆಯೇ ಬಿಡಿಸಿದರು. ಹೇಗೆ ಗೊತ್ತೇ? ನಮ್ಮ ಮಿಕ್ಸಿಯಂಥ ಬ್ಲೆಂಡರಿನಲ್ಲಿ ತಿರುಗಿಸಿ! ಬೇಗ ಬಿಡಿಸಿದರೆ ಕೆಲವೇ ಜೀನ್ ದಾಟಿರುತ್ತಿದ್ದವು, ತಡವಾದರೆ ಜಾಸ್ತಿ. ಅವು ದಾಟುವ ಸರದಿ ತಪ್ಪುತ್ತಿರಲಿಲ್ಲ. ಪೂರ್ತಿ ದಾಟಲು ಸುಮಾರು 100 ನಿಮಿಷ ಬೇಕು. ಹಾಗಾಗಿ ಇ. ಕೋಲಿಯ ಜೀನ್ ನಕ್ಷೆಯ ಅಳತೆಗೋಲು ನಿಮಿಷವೇ ಆಯಿತು.

ಅದೇ ಹೊತ್ತಿಗೆ ಜಪಾನಿನಲ್ಲಿ ಆಮಶಂಕೆಯ ರೋಗಾಣು ವೈದ್ಯರನ್ನು ಕಂಗೆಡಿಸಿತ್ತು. ಸಲ್ಫಾ, ಸ್ಟ್ರೆಪ್ಟೊಮೈಸಿನ್, ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್, ಈ ನಾಲ್ಕು ಔಷಧಗಳಿಗೂ ಅದು ಜಗ್ಗುತ್ತಿರಲಿಲ್ಲ. ಅಂಥ ರೋಗಿಗಳ ಕರುಳಿನಲ್ಲಿದ್ದ ಇ. ಕೋಲಿಯೂ ಜಗ್ಗುತ್ತಿರಲಿಲ್ಲ. 1959ರಲ್ಲಿ ಅಲ್ಲಿನ ವಿಜ್ಞಾನಿಗಳು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವನ್ನು ಬಗ್ಗುವ ಬ್ಯಾಕ್ಟೀರಿಯಾದ ಜೊತೆ ಸುಮ್ನೆ ಬೆರೆಸಿಟ್ಟು ನೋಡಿದರು. ನಾಲ್ಕೂ ಔಷಧ ತಡೆಯುವ ಶಕ್ತಿ ಒಟ್ಟಿಗೇ ದಾಟಿಹೋಗಿತ್ತು.

ನಮಸ್ಕಾರ.