ಅವರ ಕೈಗೆ ಏನು ಕೊಟ್ಟಿರಿ?

ಎಲ್ಲರಿಗೂ ನಮಸ್ಕಾರ.

ಆಗಸ್ಟ್ 1, ವ್ಯಸನಮುಕ್ತ ದಿನ. ಇಳಕಲ್ಲಿನ ಮಹಾಂತ ಶಿವಯೋಗಿಗಳ ಜೋಳಿಗೆಯ ವಿಷಯ ಈ ಸಭೆಗೆ ಹೊಸದಾಗಿ ಹೇಳಬೇಕಾಗಿಲ್ಲ. ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದ ಜೋಳಿಗೆ ಅದು. ನಾನು ಇವತ್ತು ಮಾತಾಡೋದು ಜೋಳಿಗೆಗೆ ಹಾಕಿದ ಮಾರನೆಯ ದಿನದ ಬಗ್ಗೆ. ಚಟವನ್ನು ಕೊಟ್ಟು ಬರಿಗೈಯಲ್ಲಿ ನಿಂತವರ ಕೈಗೆ ನಾವು ಏನು ಕೊಟ್ಟೆವು?

ಆರು ತಿಂಗಳು, ವರ್ಷ ಉಳಿಸಿಕೊಂಡು ನೋಡೋ ವ್ಯಸನಮುಕ್ತಿ ಕೇಂದ್ರಗಳಲ್ಲಿ ಮೊದಲ ಹಂತ ಡಾಕ್ಟರದ್ದು. ಅದನ್ನು ಬೇಗ ಹೇಳಿ ಮುಗಿಸ್ತೀನಿ, ಆದರೆ ಗಮನ ಇಟ್ಟು ಕೇಳಿ. ಎಷ್ಟೋ ಮನೆಗಳಲ್ಲಿ ಕುಡಿತ ಬಿಡಿಸೋದು ಅಂದರೆ ರೂಮಿಗೆ ಕೂಡಿ ಬೀಗ ಹಾಕೋದು. ದಯವಿಟ್ಟು ಹಾಗೆ ಮಾಡಬೇಡಿ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತೆ, ಬೆವರು ಕಿತ್ತುಕೊಳ್ಳುತ್ತೆ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಮೂರನೇ ದಿನದ ಸುಮಾರಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತೆ, ತಾವು ಎಲ್ಲಿದ್ದೀವಿ ಅನ್ನೋದೇ ಗೊತ್ತಾಗಲ್ಲ. ಅದರಲ್ಲಿ ಜೀವ ಹೋಗೋದೂ ಉಂಟು. ಥಯಾಮಿನ್, ಅಂದರೆ ವಿಟಮಿನ್ ಬಿ1, ಕೊಡದೆ ಗ್ಲೂಕೋಸ್ ಏರಿಸಿದರೂ ಮಿದುಳಿಗೆ ಪೆಟ್ಟು ಬೀಳಬಹುದು. ಆ ಒಂದು ವಾರ, ಹತ್ತು ದಿನ ಆಸ್ಪತ್ರೆಯಲ್ಲೇ ಆಗಲಿ. ನಮ್ಮೂರಲ್ಲೇ ನಿಮ್ಹಾನ್ಸ್ ಇದೆ.

ಆಮೇಲೆ ಬರೋದೇ ಕಷ್ಟದ ಕಾಲ. ಮೈ ಸುಧಾರಿಸಿರುತ್ತೆ, ನಿದ್ದೆ ಬರಲ್ಲ. ಸಣ್ಣ ಮಾತಿಗೆ ಸಿಟ್ಟು, ಏನೂ ರುಚಿಸಲ್ಲ. ಇದು ತಿಂಗಳುಗಟ್ಟಲೆ ಎಳೆಯುತ್ತೆ. ಸರಿಯಾಗಿ ಇಂಥ ಹೊತ್ತಿಗೇ ಮನೆಯಿಂದ ಫೋನ್ ಬರುತ್ತೆ: "ಮುಖದಲ್ಲಿ ಕಳೆ ಬಂದಿದೆ ಸಾರ್, ಕಳಿಸಿಕೊಡಿ." 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ಸಮೀಕ್ಷೆ ನೋಡಿ. ಮದ್ಯದ ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಒಳಗೆ ಸೇರಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಅಷ್ಟು ಕಷ್ಟಪಟ್ಟು ಬಾಗಿಲಿಗೆ ಬಂದವರನ್ನು ಕಳೆ ನೋಡಿ ಮನೆಗೆ ಕಳಿಸಬೇಕಾ?

ಕೇಂದ್ರ ನಡೆಸುವವರಿಗೂ ನನ್ನದು ಅದೇ ಪ್ರಶ್ನೆ. ಹಂತ ಅಂದರೆ ಕ್ಯಾಲೆಂಡರಿನ ಲೆಕ್ಕವಲ್ಲ. 90 ದಿನ ಆಯಿತು, ಮುಂದಿನ ಹಂತಕ್ಕೆ ಹಾಕಿದ್ವಿ ಅಂತೀರಿ. ಸರಿ, ಹೋದ ತಿಂಗಳು ಅವರ ಕೈಯಲ್ಲಿ ಇಲ್ಲದ ಯಾವ ಜವಾಬ್ದಾರಿ ಈ ತಿಂಗಳು ಇದೆ?

ಒಬ್ಬರ ಕಥೆ ಹೇಳ್ತೀನಿ, ಗುರುತು ಸಿಗದ ಹಾಗೆ. ಪೀಣ್ಯದಲ್ಲಿ ಲೇತ್ ಕೆಲಸದವರು. ಮೂರನೇ ತಿಂಗಳಲ್ಲಿ ಅವರಿಗೆ ನಮ್ಮ ಕೇಂದ್ರದ ಅಡುಗೆಮನೆ ಸ್ಟೋರಿನ ಬೀಗದ ಕೈ ಕೊಟ್ಟೆವು. "ಬೇಡ ಸಾರ್, ಏನಾದ್ರೂ ಕಮ್ಮಿ ಬಂದ್ರೆ ನನ್ನ ಮೇಲೇ ಬರುತ್ತೆ" ಅಂತ ವಾಪಸ್ ತಂದಿಟ್ಟರು. ಮತ್ತೆ ಕೊಟ್ಟೆವು. ನಲವತ್ತು ಜನರ ಮನೆ ಅದು. ಅಕ್ಕಿ, ಬೇಳೆ ಅಳೆದು ಕೊಡೋದು, ಪುಸ್ತಕದಲ್ಲಿ ಬರೆಯೋದು, ತೀರೋ ಮುಂಚೆ ಹೇಳೋದು. ಒಂದು ವಾರ ಒದ್ದಾಡಿದರು. ಆಮೇಲೆ ನೋಡಬೇಕಿತ್ತು! ಒಂದು ಸೌಟು ಜಾಸ್ತಿ ಕೇಳಿದರೂ ಭಟ್ಟರ ಜೊತೆ ಜಗಳ. "ಈ ಮನೇಲಿ ಎಣ್ಣೆ ಲೆಕ್ಕ ನನ್ನದು" ಅಂದಾಗ ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು, ಅವರೂ ನಕ್ಕರು.

ಒಂದು ಭಾನುವಾರ ಅವರ ತಾಯಿ ಬಂದರು, ಮಾಗಡಿ ಕಡೆಯವರು. ಮಗನ ಸೊಂಟದಲ್ಲಿ ಬೀಗದ ಕೈ ಗೊಂಚಲು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ಸ್ವಾಮಿ, ನಮ್ಮನೆ ಬೀರು ಬೀಗದ ಕೈ ಇವ್ನಿಗೆ ಹೆದರ್ಕಂಡು ನನ್ ಸೆರಗಲ್ಲೇ ಐತೆ. ನೀವೆಂಗೆ ಕೊಟ್ರಿ?" ಆ ತಾಯಿಯ ಭಯ ಸುಳ್ಳಲ್ಲ. ಒಡವೆ ಅಡ ಹೋದದ್ದನ್ನು ಕಂಡವರು ಅವರು.

ಮುಂದೆ ಆ ಮಗ ಮನೆಗೆ ಹೋದರು. ನಲವತ್ತು ಜನರ ದಿನಸಿ ನೋಡಿಕೊಂಡವರನ್ನು ಮನೆಯಲ್ಲಿ ಅರ್ಧ ಲೀಟರ್ ಹಾಲಿಗೂ ಕಳಿಸಲಿಲ್ಲ. ಸಂಬಳ ಹೆಂಡತಿ ಕೈಗೆ, ಊಟ ತಟ್ಟೆಗೆ, ಸಂಜೆಯಾದರೆ ಟಿವಿ ಮುಂದೆ. ಪ್ರೀತಿಯಿಂದಲೇ ಮಾಡಿದರು, ಆದರೆ ಅವರನ್ನು ಮತ್ತೆ ಮೊದಲ ವಾರದ ರೋಗಿ ಮಾಡಿಬಿಟ್ಟರು. ಕೆಲವು ತಿಂಗಳಾದ ಮೇಲೆ ನೆಂಟರ ಬೀಗರ ಊಟ. ಅಲ್ಲಿ ಏನೇನು ಇರುತ್ತೆ ಅಂತ ನಿಮಗೆ ಗೊತ್ತು. ಕುಡಿದರು. ಎರಡು ದಿನ ಬಿಟ್ಟು ತಾವೇ ಬಂದು ಗೇಟಿನ ಹತ್ತಿರ ನಿಂತರು.

ತಾವೇ ಬಂದರು ಅನ್ನೋದನ್ನು ಗಮನಿಸಿ. ಮತ್ತೆ ಸೊನ್ನೆಯಿಂದ ಶುರು ಮಾಡಿಸೋ ಅಗತ್ಯ ಇರಲಿಲ್ಲ. ಈ ಸಲ ಮೊದಲು ಮನೆಯವರನ್ನು ಕೂರಿಸಿಕೊಂಡೆವು. ತಿಂಗಳ ರೇಷನ್ ಇವರೇ ತರಬೇಕು, ಚೀಟಿ ಲೆಕ್ಕ ಇವರೇ ಬರೆಯಬೇಕು. ಸಂಬಳ ಬ್ಯಾಂಕಿಗೆ, ಖರ್ಚಿನ ದುಡ್ಡು ಮಾತ್ರ ಇವರ ಜೇಬಿಗೆ, ತಿಂಗಳು ತಿಂಗಳು ಸ್ವಲ್ಪ ಹೆಚ್ಚು. ಒಂದಷ್ಟು ದಿನ ಕೇಂದ್ರದಿಂದಲೇ ಕೆಲಸಕ್ಕೆ ಹೋಗಿ ಬಂದರು. ಸಂಬಳದ ದಿನ, ಬಸ್ ಸ್ಟಾಪ್ ಪಕ್ಕದ ವೈನ್ ಶಾಪ್, ಎಲ್ಲವನ್ನೂ ಅವತ್ತೇ ರಾತ್ರಿ ಬಂದು ಹೇಳಿಕೊಳ್ಳೋಕೆ ಜನ ಇದ್ದರು. ಈಗ ಮನೆಯಲ್ಲಿದ್ದಾರೆ, ಪೀಣ್ಯಕ್ಕೇ ಹೋಗ್ತಾರೆ.

ಈ ಪದ್ಧತಿ ನಮ್ಮದೇ ಕಲ್ಪನೆ ಅಲ್ಲ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿನಾನಾನ್ ಅಂತ ಶುರುವಾಯಿತು. ಚಟ ಬಿಟ್ಟವರೇ ಸೇರಿ ನಡೆಸೋ ಮನೆ, ಮನೆಗೆಲಸವೇ ಚಿಕಿತ್ಸೆ. ಅದೇ ಸಂಸ್ಥೆ ಮುಂದೆ ತಲೆ ಬೋಳಿಸೋದು, ಹೀಯಾಳಿಸೋದು, ಕೊನೆಗೆ ಹಿಂಸೆವರೆಗೂ ಹೋಗಿ ಹಾಳಾಯಿತು. ಕೆಲಸ ಕೊಡೋದನ್ನು ಅಲ್ಲಿಂದ ಕಲಿಯೋಣ, ಅವಮಾನ ಮಾಡೋದನ್ನು ಬೇಡ. ಹೊಡೆದು ಬುದ್ಧಿ ಕಲಿಸ್ತೀವಿ ಅನ್ನೋ ಜಾಗಕ್ಕೆ ಮಕ್ಕಳನ್ನು ಬಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸರಪಳಿ ಹಾಕೋದು ನಿಷಿದ್ಧ. ನೋಂದಣಿ ಪತ್ರ ತೋರಿಸಿ ಅಂತ ಕೇಳೋ ಹಕ್ಕು ನಿಮಗಿದೆ.

ಚೀಟಿ ಬಂತು, ಐದೇ ನಿಮಿಷ ಅಂತೆ. ನಂತರದ ಆರೈಕೆ ಬಗ್ಗೆ ಇನ್ನೂ ಹೇಳೋದಿತ್ತು. ಧರ್ಮಸ್ಥಳದ ಮದ್ಯವರ್ಜನ ಶಿಬಿರದವರು ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರದೇ ನವಜೀವನ ಸಮಿತಿ ಕಟ್ಟುತ್ತಾರೆ. ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರು ಒಬ್ಬರಿಗೊಬ್ಬರು ಆಸರೆಯಾಗೋ ಕೂಟ. ಅದರ ಸಭೆಗಳು ಬೆಂಗಳೂರಲ್ಲೂ ನಡೀತವೆ, ದುಡ್ಡು ಕೇಳಲ್ಲ. ಇಷ್ಟು ಹೊತ್ತು ಗಂಡಸರ ಮಾತೇ ಆಡಿದೆ. ಹೆಣ್ಣುಮಕ್ಕಳೂ ಇದ್ದಾರೆ, ಅವರಿಗೆ ಉಳಿಯೋಕೆ ಇರುವ ಜಾಗ ತೀರಾ ಕಮ್ಮಿ. ಅದಕ್ಕೇ ಇನ್ನೊಂದು ದಿನ ಬೇಕು.

ಒಂದು ಮಾತ್ರ ಬಿಡೋ ಹಾಗಿಲ್ಲ. ಹೆರಾಯಿನ್, ನೋವಿನ ಮಾತ್ರೆ, ಇಂಜೆಕ್ಷನ್ ಚಟ ಇದ್ದವರು ತಿಂಗಳುಗಟ್ಟಲೆ ಒಳಗಿದ್ದು ಹೊರಗೆ ಬಂದಾಗ ಮೈಗೆ ಹಳೆಯ ತಾಳಿಕೆ ಇರಲ್ಲ. ಹಳೇ ಅಳತೆಯಲ್ಲೇ ಒಂದು ಸಲ ತಗೊಂಡರೂ ಉಸಿರು ನಿಂತು ಸಾಯಬಹುದು. ಹೊರಗೆ ಕಳಿಸೋ ಮುಂಚೆ ಅವರಿಗೂ ಮನೆಯವರಿಗೂ ಇದನ್ನು ಬಿಡಿಸಿ ಹೇಳಿ, ಆ ಚಟದ ಚಿಕಿತ್ಸೆಗೆ ಕೊಡೋ ಬ್ಯುಪ್ರೆನಾರ್ಫಿನ್‌ನಂಥ ಔಷಧಿ ಮುಂದುವರಿಸಬೇಕಾ ಅಂತ ಡಾಕ್ಟರನ್ನು ಕೇಳಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡ್ತಾರೆ, ಬರೆದುಕೊಳ್ಳಿ. ಮನೆಯ ವಿಷಯ ಎಲ್ಲರ ಮುಂದೆ ಕೇಳೋಕೆ ಸಂಕೋಚ ಇದ್ದವರಿಗೆ, ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಟೀ ಕೊಡೋ ಮೇಜಿನ ಹತ್ತಿರ ಇರ್ತೀನಿ.